ಭೇದಿಯಿಂದ ದುರ್ಬೀನಿಗೆ: ಮದರಾಸಿನ ಕರುಳು ಚಿಕಿತ್ಸೆಯ ಚರಿತ್ರೆ

ಮದರಾಸಿನಲ್ಲಿ ಕರುಳನ್ನು ತೊಳೆಯುವ ವಿದ್ಯೆ ಅದನ್ನು ನೋಡುವ ವಿದ್ಯೆಗಿಂತ ಬಹಳ ಹಳೆಯದು. 1813ರಲ್ಲಿ ವೈದ್ಯ ವೈಟ್‌ಲಾ ಐನ್ಸ್ಲಿ ಮದರಾಸಿನಲ್ಲೇ ಅಚ್ಚು ಹಾಕಿಸಿದ ಔಷಧಕೋಶದಲ್ಲಿ ದೇಶಿ ಮದ್ದುಗಳು ತಮಿಳು ಹೆಸರುಗಳ ಸಮೇತ ದಾಖಲಾಗಿವೆ. ಭೇದಿಯ ಮದ್ದಿಗೆ ಈ ಸೀಮೆಯಲ್ಲಿ ಬರವಿರಲಿಲ್ಲ. ತಿರುನೆಲ್ವೇಲಿಯ ಸೋನಾಮುಖಿ ಎಲೆ 19ನೇ ಶತಮಾನದಲ್ಲಿ ತೂತ್ತುಕುಡಿಯಿಂದ ಹಡಗೇರಿ, ಹುಟ್ಟೂರಿನ ಹೆಸರಿನಲ್ಲೇ ಲಂಡನ್ನಿನಲ್ಲಿ ಮಾರಾಟವಾಗುತ್ತಿತ್ತು. ಮನೆಗಳಲ್ಲಿ ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುವುದು, ಸಂಜೆಗೆ ತಿಳಿಸಾರಿನ ಅನ್ನ ಬಡಿಸುವುದು ತಮಿಳುನಾಡಿಗೂ ಕನ್ನಡನಾಡಿಗೂ ಸಮಾನವಾಗಿದ್ದ ರೂಢಿ. ಭೇದಿಗೆ ಕೊಡುತ್ತಿದ್ದ ಜಾಪಾಳ ಮಾತ್ರ ಅಪಾಯದ ಬೀಜ; ಪ್ರಮಾಣ ಕೊಂಚ ಮೀರಿದರೂ ಜೀವಕ್ಕೇ ಕುತ್ತು.

ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ತೆರೆದ ಚಿಕ್ಕ ಆಸ್ಪತ್ರೆಯೇ 1772ರಲ್ಲಿ ಈಗಿನ ಜಾಗಕ್ಕೆ ಬಂದು ಜನರಲ್ ಆಸ್ಪತ್ರೆಯಾಯಿತು. ಆಮಶಂಕೆ, ರಕ್ತಭೇದಿ ಅಲ್ಲಿ ನಿತ್ಯದ ಕಾಯಿಲೆಗಳು. ಅಲ್ಲಿದ್ದ ಜೇಮ್ಸ್ ಆನ್ಸ್ಲಿ ರೋಗಿಗಳ ವಿವರವನ್ನು ಒಂದೊಂದಾಗಿ ಬರೆದಿಟ್ಟು, 1828ರಲ್ಲಿ ದೊಡ್ಡ ಗ್ರಂಥವನ್ನೇ ಹೊರತಂದ. ಅದರ ಬಣ್ಣದ ಚಿತ್ರಫಲಕಗಳಲ್ಲಿ ಹುಣ್ಣಾದ ದೊಡ್ಡಕರುಳು ಕಾಣುತ್ತದೆ. ಆದರೆ ಅವು ಶವಪರೀಕ್ಷೆಯ ಚಿತ್ರಗಳು. ಬದುಕಿದ್ದವನ ಕರುಳಿನೊಳಗೆ ಇಣುಕುವ ದಾರಿಯೇ ಇರಲಿಲ್ಲವಾದ್ದರಿಂದ ಆನ್ಸ್ಲಿ ಕೊಟ್ಟ ಮದ್ದು ಊಹೆಯ ಮೇಲೆ ನಿಂತದ್ದು: ಪಾದರಸದ ಕ್ಯಾಲೊಮೆಲ್, ಅದೂ ಧಾರಾಳವಾಗಿ. ಕಾಯಿಲೆಗಿಂತ ಮದ್ದೇ ಹೆಚ್ಚು ಕಾಡಿದ್ದೂ ಉಂಟು.

ಇಣುಕುವ ದಾರಿ ತೆರೆಯಲು ಶತಮಾನಕ್ಕೂ ಹೆಚ್ಚು ಬೇಕಾಯಿತು. 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲ್ ಕತ್ತಿ ನುಂಗುವ ಕಸುಬಿನವನ ಗಂಟಲಿನಲ್ಲಿ ನೆಟ್ಟನೆಯ ಕೊಳವೆ ಇಳಿಸಿದ. ಸುತ್ತಿ ಸುಳಿಯುವ ದೊಡ್ಡಕರುಳಿಗೆ ಅಂಥ ಕೊಳವೆ ನಡೆಯುವಂತಿರಲಿಲ್ಲ. ಬಾಗಿದರೂ ಬೆಳಕನ್ನು ಒಯ್ಯುವ ಗಾಜಿನ ಎಳೆಗಳ ಕಟ್ಟನ್ನು 1954ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ತೋರಿಸಿಕೊಟ್ಟರು. 1957ರಲ್ಲಿ ಬೇಸಿಲ್ ಹರ್ಶೋವಿಟ್ಸ್ ಅದೇ ತತ್ವದ ಜಠರದರ್ಶಕವನ್ನು ಪ್ರದರ್ಶಿಸಿದರು. 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿನ ಮೂಲಕವೇ ತಂತಿಯ ಕುಣಿಕೆ ಹಾಕಿ ಪಾಲಿಪ್ ಎಂಬ ಗಂಟನ್ನು ಕತ್ತರಿಸಿ ತೆಗೆದರು. ನೋಡುವ ಉಪಕರಣ ಅಲ್ಲಿಂದ ಚಿಕಿತ್ಸೆಯ ಉಪಕರಣವೂ ಆಯಿತು. ಮದರಾಸಿನಲ್ಲಿ ಜೀರ್ಣಾಂಗ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ವಿಭಾಗವಾಗಿ ಕಟ್ಟಿದವರು ಡಾ. ಎನ್. ರಂಗಭಾಷ್ಯಂ. ದೇಶದಲ್ಲೇ ಮೊದಲ ಬಾರಿಗೆ ಈ ವಿಷಯದ ಉನ್ನತ ಪದವಿ ಆರಂಭವಾದದ್ದು ಅವರ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ.

ಯಂತ್ರ ಬಂದರೂ ಭೇದಿ ತಪ್ಪಲಿಲ್ಲ; ಕರುಳು ತೊಳೆಯದೆ ಒಳಗೇನೂ ಕಾಣದು. ಇಂದಿಗೂ ಚೆನ್ನೈನ ರೋಗಿ ಮೊದಲು ಕೇಳುವುದು ನೋವಾಗುತ್ತದೆಯೇ ಎಂದು. ಪರೀಕ್ಷೆ ಮುಗಿಸಿದವರು ದೂರುವುದು ಹಿಂದಿನ ರಾತ್ರಿ ಕುಡಿದ ಲೀಟರುಗಟ್ಟಲೆ ಉಪ್ಪುಪ್ಪು ನೀರನ್ನು. ಆ ನೀರಿನ ಹಿಂದೆಯೂ ಒಂದು ದುರಂತವಿದೆ. ಮೊದಲೆಲ್ಲ ಮ್ಯಾನಿಟಾಲ್ ಎಂಬ ಸಿಹಿ ದ್ರಾವಣ ಬಳಕೆಯಲ್ಲಿತ್ತು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್ ಉಂಟುಮಾಡುತ್ತವೆ. ವಿದ್ಯುತ್ತಿನಿಂದ ಪಾಲಿಪ್ ಸುಡುವಾಗ ಕಿಡಿ ತಗುಲಿ ಕರುಳೇ ಸಿಡಿದು ರೋಗಿ ಸತ್ತ ಪ್ರಕರಣ 1979ರಲ್ಲಿ ಫ್ರಾನ್ಸಿನಿಂದ ವರದಿಯಾಯಿತು. ಮರುವರ್ಷವೇ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಪ್ರಕಟವಾಯಿತು: ಹುಳಿಯುವುದಿಲ್ಲ, ಮೈಯ ನೀರು–ಲವಣಗಳನ್ನು ಹೆಚ್ಚು ಕದಲಿಸುವುದೂ ಇಲ್ಲ. ಇನ್ನು ನೋವಿನ ಮಾತು: ಮಂಪರಿನ ಮದ್ದು ಕೊಟ್ಟಿರುವುದರಿಂದ ಬಹುಪಾಲು ರೋಗಿಗಳಿಗೆ ನೆನಪೇ ಉಳಿಯುವುದಿಲ್ಲ. ಕೊಳವೆಯನ್ನು ದೊಡ್ಡಕರುಳಿನ ಮೊದಲ ತುದಿಯವರೆಗೆ ತಳ್ಳಿಕೊಂಡು ಹೋಗುವಾಗಲ್ಲ, ನಿಧಾನವಾಗಿ ಹಿಂದೆಳೆಯುವಾಗ ವೈದ್ಯರು ಮಡಿಕೆ ಮಡಿಕೆ ಬಿಡಿಸಿ ಗಮನಿಸುತ್ತಾರೆ. ಅದಕ್ಕೆ ಆರು ನಿಮಿಷವಾದರೂ ಬೇಕೆಂಬುದು ಒಪ್ಪಿತ ನಿಯಮ.

ಇದೇ ಬಗೆಯ ಕೊಳವೆ ತೂಕ ಇಳಿಸಲೂ ಬಂದದ್ದು ಈಚೆಗೆ. ಮದರಾಸಿನ ಹಳೆಯ ಚಿಂತೆ ಅದರ ತದ್ವಿರುದ್ಧ. 1782ರ ಕ್ಷಾಮದಲ್ಲಿ ಭಾರತೀಯರು ನೆಲೆಸಿದ್ದ ಕಪ್ಪುಪಟ್ಟಣದ ಆಚೆ ಮಣೇಗಾರ್ ಛತ್ರದಲ್ಲಿ ಗಂಜಿ ಹುಯ್ಯುತ್ತಿದ್ದರು. ಅದರ ಜೊತೆ ಬೆಳೆದ ಆಸ್ಪತ್ರೆಯನ್ನು ಜನ ಗಂಜಿತೊಟ್ಟಿ ಆಸ್ಪತ್ರೆ ಎಂದೇ ಕರೆದರು; ಅದೇ ಮುಂದೆ ಸ್ಟಾನ್ಲಿ ಆಸ್ಪತ್ರೆಯಾಯಿತು. 1877ರ ಕ್ಷಾಮದಲ್ಲಿ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯವರ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದಾಗ, ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದರಾಸಿನ ನೈರ್ಮಲ್ಯಾಧಿಕಾರಿ ಕಾರ್ನಿಶ್ ಪಟ್ಟು ಹಿಡಿದು ವಾದಿಸಿದರು. ಅದೇ ಸ್ಟಾನ್ಲಿಯಲ್ಲಿ 1948ರಲ್ಲಿ ಡಾ. ಎಂ. ವಿಶ್ವನಾಥನ್ ದೇಶದ ಮೊದಲ ಮಧುಮೇಹ ಚಿಕಿತ್ಸಾಲಯ ತೆರೆದರು. ಗಂಜಿಗೆ ಹೆಸರಾದ ಆಸ್ಪತ್ರೆ ಅನ್ನ ಕಡಿಮೆ ಮಾಡಿ ಎನ್ನತೊಡಗಿತು.

ಕೊಯ್ಯದೆ ತೂಕ ಇಳಿಸುವ ಮೊದಲ ಪ್ರಯತ್ನಗಳು ಸೋತವು. 1985ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಗ್ಯಾರೆನ್–ಎಡ್ವರ್ಡ್ಸ್ ಎಂಬ ಗಾಳಿಯ ಬಲೂನು ಜಠರದಲ್ಲಿ ಹುಣ್ಣು ಮಾಡಿ ಮಾರುಕಟ್ಟೆ ಬಿಟ್ಟಿತು. ಹಸಿವು ಕುಗ್ಗಿಸುವ ಸಿಬುಟ್ರಮೈನ್ ಹೃದಯಕ್ಕೆ ಕೇಡೆಂದು 2011ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಈಗಿನ ಬಲೂನಿಗೆ ಹೆಚ್ಚಾಗಿ ತುಂಬುವುದು ಗಾಳಿಯಲ್ಲ, ನೀಲಿ ಬಣ್ಣ ಬೆರೆಸಿದ ಉಪ್ಪುನೀರು. ಸೋರಿದರೆ ಮೂತ್ರ ನೀಲಿ–ಹಸಿರಾಗಿ ರೋಗಿಗೆ ತಾನೇ ತಿಳಿಯುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ ಅದನ್ನು ತೆಗೆಯಬೇಕು, ತೆಗೆದ ಮೇಲೆ ಒಂದಿಷ್ಟು ತೂಕ ಮರಳುವುದೂ ಸಾಮಾನ್ಯ. ಇನ್ನೊಂದು ಬಗೆಯಲ್ಲಿ, ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪಿನಿಂದಲೇ ಜಠರಕ್ಕೆ ಒಳಗಿನಿಂದ ಹೊಲಿಗೆ ಹಾಕಿ ಅದನ್ನು ಕಿರಿದುಮಾಡುತ್ತಾರೆ.

ತೂಕವೇ ಎಲ್ಲವೂ ಅಲ್ಲ ಎಂಬುದಕ್ಕೆ ಚೆನ್ನೈನದೇ ಪುರಾವೆ ಇದೆ. ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಜನರ ಅಧ್ಯಯನವನ್ನು 2006ರಲ್ಲಿ ಪ್ರಕಟಿಸಿತು. ನಡಿಗೆ ಮತ್ತು ಊಟದ ಬದಲಾವಣೆಯಿಂದ ಮೂರು ವರ್ಷಗಳಲ್ಲಿ ಮಧುಮೇಹದ ಅಪಾಯ ಶೇಕಡ 28.5ರಷ್ಟು ತಗ್ಗಿತು, ಹೇಳಿಕೊಳ್ಳುವಷ್ಟು ತೂಕ ಇಳಿಯದೆಯೇ.

2025ರಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದೂ ಬೊಜ್ಜಿಗೆಂದೇ ಮಾರುವ ಸೆಮಾಗ್ಲುಟೈಡ್ ಕೂಡ ಭಾರತದ ಔಷಧದಂಗಡಿಗೆ ಬಂದವು. ಇವು ಜಠರ ಖಾಲಿಯಾಗುವುದನ್ನು ನಿಧಾನಿಸುವುದರಿಂದ ಉಪವಾಸವಿದ್ದವರ ಹೊಟ್ಟೆಯಲ್ಲೂ ಆಹಾರ ಉಳಿದಿರಬಹುದು. ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುವ ಭಯ. ಹಾಗಾಗಿ ಕೊಲೊನೋಸ್ಕೋಪಿಗೆ ದಿನ ಗೊತ್ತುಮಾಡುವಾಗಲೇ ಇಂಥ ಚುಚ್ಚುಮದ್ದು ನಡೆಯುತ್ತಿದೆಯೇ, ಕೊನೆಯದು ಯಾವತ್ತು ಎಂದು ವೈದ್ಯರೇ ರೋಗಿಯನ್ನು ಕೇಳುವ ಪದ್ಧತಿ ಬಂದಿದೆ.