ಮೂವರ ಮನೆ

ಗಂಡಹೆಂಡಿರ ನಡುವೆ ಮೂರನೆಯವರಿಗೆ ಎಡೆಯಿಲ್ಲವೆಂಬುದು ಲೋಕರೂಢಿ. ಆದರೆ ದಂಪತಿಗಳೇ ಒಬ್ಬ ಗೆಳೆಯನನ್ನು ತಮ್ಮ ಬಾಳಿನೊಳಕ್ಕೆ ಬರಮಾಡಿಕೊಂಡರೆ ಏನಾದೀತು? ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಮೂವರು ಸುಪ್ರಸಿದ್ಧರು ಹಾಗೆ ಬಾಳಿ ನೋಡಿದರು.

ಸರ್ ವಿಲಿಯಂ ಹ್ಯಾಮಿಲ್ಟನ್ 1764ರಿಂದ ನೇಪಲ್ಸಿನಲ್ಲಿ ಬ್ರಿಟನ್ನಿನ ರಾಯಭಾರಿ. ವೆಸೂವಿಯಸ್ ಅಗ್ನಿಪರ್ವತವನ್ನು ಅಭ್ಯಸಿಸಿದವನು. ಪುರಾತನ ಗ್ರೀಕ್ ಕಲಶಗಳ ಸಂಗ್ರಾಹಕ. 1791ರಲ್ಲಿ, ತನ್ನ ಅರವತ್ತರ ವಯಸ್ಸಿನಲ್ಲಿ, ಕಮ್ಮಾರನ ಮಗಳಾದ ಎಮ್ಮಾಳನ್ನು ಮದುವೆಯಾದ. ಆಕೆಗೆ ಇಪ್ಪತ್ತಾರು.

1798ರ ಆಗಸ್ಟಿನಲ್ಲಿ ಹೊರೇಷಿಯೊ ನೆಲ್ಸನ್ ಈಜಿಪ್ಟಿನ ಕರಾವಳಿಯಲ್ಲಿ ಫ್ರೆಂಚರ ನೌಕಾಪಡೆಯನ್ನು ಮುರಿದ. ನಮ್ಮ ಟಿಪ್ಪು ಸುಲ್ತಾನನು ಫ್ರೆಂಚರ ನೆರವಿನ ಮೇಲಿಟ್ಟಿದ್ದ ಆಸೆಗೂ ಆ ಪೆಟ್ಟು ತಗಲಿತು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅತ್ತ ಗೆದ್ದ ನೆಲ್ಸನ್ ನೇಪಲ್ಸಿಗೆ ಬಂದಾಗ ಬಳಲಿ ಬೆಂಡಾಗಿದ್ದ. ಒಂದು ಕೈ, ಒಂದು ಕಣ್ಣಿನ ದೃಷ್ಟಿ ಮೊದಲೇ ಹೋಗಿದ್ದವು. ತಲೆಗೆ ಹೊಸ ಗಾಯ. ಹ್ಯಾಮಿಲ್ಟನ್ ದಂಪತಿಗಳು ತಮ್ಮ ಮನೆಯಲ್ಲಿಟ್ಟುಕೊಂಡು ಉಪಚರಿಸಿದರು. ಎಮ್ಮಾಳ ಉಪಚಾರ ಕ್ರಮೇಣ ಪ್ರೇಮವಾಯಿತು.

ಮುದುಕ ಸಿಡಿದೇಳಲಿಲ್ಲ. ನೆಲ್ಸನನ ಮೇಲೆ ಅವನಿಗೂ ಅಷ್ಟೇ ಅಕ್ಕರೆ. ಇಬ್ಬರೂ ‘ಬಾತ್’ ಎಂಬ ಗೌರವ ಪದವಿ ಪಡೆದವರು. ಅದರ ಲ್ಯಾಟಿನ್ ಧ್ಯೇಯವಾಕ್ಯಕ್ಕೆ ‘ಒಂದರಲ್ಲಿ ಕೂಡಿದ ಮೂರು’ ಎಂದರ್ಥ. ಆ ಮಾತನ್ನೇ ಮೂವರೂ ತಮಗೆ ಅನ್ವಯಿಸಿಕೊಂಡು ಸಂತೋಷಪಟ್ಟರು. 1801ರಲ್ಲಿ ಲಂಡನ್ನಿನ ಸಮೀಪದ ಮರ್ಟನ್ನಿನಲ್ಲಿ ನೆಲ್ಸನ್ ಕೊಂಡ ಮನೆಯಲ್ಲಿ ಒಟ್ಟಿಗೆ ನೆಲೆಸಿದರು. ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಸರ್ ವಿಲಿಯಂ ಹೆಂಡತಿಗೆ ಒಮ್ಮೆ ಬರೆದು ತಿಳಿಸಿದ ಅಸಮಾಧಾನವಾದರೂ ಯಾವುದು? ಮನೆತುಂಬ ಅತಿಥಿಗಳ ಗದ್ದಲ, ಮೀನು ಹಿಡಿಯಲು ಬಿಡುವಿಲ್ಲ ಎಂಬುದು! ಗೆಳೆಯನ ಸ್ನೇಹವನ್ನು ಆತ ಅಲ್ಲಿಯೂ ದೂರಲಿಲ್ಲ. 1803ರ ಏಪ್ರಿಲ್ 6ರಂದು ಆತ ಕಣ್ಣುಮುಚ್ಚಿದಾಗ ಹೆಂಡತಿ, ಗೆಳೆಯ ಇಬ್ಬರೂ ಹಾಸಿಗೆಯ ಬಳಿಯಲ್ಲಿದ್ದರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಮೂವರ ಮನೆ ಸುಖದ ಮನೆಯೆಂದೇ ಹೇಳಬಹುದಿತ್ತು. ಆದರೆ ಹೊಸಿಲಿನಾಚೆ ನಾಲ್ಕನೆಯವಳೊಬ್ಬಳಿದ್ದಳು: ನೆಲ್ಸನನ ಕೈಹಿಡಿದ ಹೆಂಡತಿ ಫ್ಯಾನಿ. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಿಂದಿನದನ್ನೆಲ್ಲ ಮರೆತು ಒಟ್ಟಿಗೆ ಬಾಳೋಣವೆಂದು 1801ರ ಡಿಸೆಂಬರಿನಲ್ಲಿ ಗಂಡನಿಗೆ ಬರೆದಳು. ತಪ್ಪಿ ಒಡೆದದ್ದು, ಓದಿಲ್ಲ ಎಂಬ ಒಕ್ಕಣೆಯೊಡನೆ ಕಾಗದ ಹಿಂದಿರುಗಿತು.

ಇನ್ನೊಬ್ಬಳು ಮಗಳು ಹೊರೇಷಿಯಾ. 1801ರ ಜನವರಿಯಲ್ಲಿ ಹುಟ್ಟಿದ ಕೂಸನ್ನು ಗುಟ್ಟಾಗಿ ದಾದಿಯ ಮನೆಗೆ ಸಾಗಿಸಲಾಯಿತು. 1805ರಲ್ಲಿ ಟ್ರಫಾಲ್ಗರಿನಲ್ಲಿ ಮಡಿಯುವ ಮುನ್ನ ನೆಲ್ಸನ್ ಎಮ್ಮಾ ಮತ್ತು ಮಗಳನ್ನು ನಾಡಿನ ಕೈಗೊಪ್ಪಿಸಿ ಬರೆದಿಟ್ಟ. ನಾಡು ಅವನ ಅಣ್ಣನಿಗೆ ವರ್ಷಕ್ಕೆ 5,000 ಪೌಂಡು, ಫ್ಯಾನಿಗೆ 2,000 ಪೌಂಡು ಕೊಟ್ಟಿತು. ಎಮ್ಮಾಳಿಗೆ ಬಿಡಿಕಾಸೂ ಇಲ್ಲ. ಕೈಬಿಚ್ಚಿ ಖರ್ಚುಮಾಡುವ ಆಕೆ ಸಾಲಕ್ಕೆ ಸಿಕ್ಕಿ ಸೆರೆಯಾಳಾದಳು. 1815ರ ಜನವರಿಯಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಬಡತನದಲ್ಲೇ ತೀರಿಕೊಂಡಳು. ಕೊನೆಯವರೆಗೂ ಶುಶ್ರೂಷೆ ಮಾಡಿದವಳು ಹದಿನಾಲ್ಕು ತುಂಬದ ಹೊರೇಷಿಯಾ.

ಆಗಲೂ ಆಕೆ ‘ನಾನೇ ನಿನ್ನ ತಾಯಿ’ ಎನ್ನಲಿಲ್ಲ. ಮಗಳು 1881ರವರೆಗೆ ಬದುಕಿದಳು. ನೆಲ್ಸನ್ ತನ್ನ ತಂದೆಯೆಂದು ಹೆಮ್ಮೆಪಟ್ಟಳು. ಎಮ್ಮಾಳನ್ನು ತಾಯಿಯೆಂದು ಎಂದೂ ಒಪ್ಪಲಿಲ್ಲ. ಮೂವರೂ ಒಬ್ಬರನ್ನೊಬ್ಬರು ಕ್ಷಮಿಸಿಕೊಂಡಿದ್ದರು. ಲೆಕ್ಕ ತೀರಿಸಬೇಕಾದವರು ಮಾತ್ರ ಆ ಒಪ್ಪಂದದಲ್ಲಿ ಇರಲೇ ಇಲ್ಲ.