ಜೋಶುವಾ ಚೇಂಬರ್ಲೇನ್ ಅವರ ಮನೆ
ಬ್ರನ್ಸ್‌ವಿಕ್, ಮೇನ್ ರಾಜ್ಯ, ಅಮೆರಿಕ

ಮೇಲಿನ ಅಂತಸ್ತು ಹಳೆಯದು, ಕೆಳಗಿನದು ಹೊಸದು. 1820ರ ದಶಕದ ಈ ಮರದ ಮನೆಯನ್ನು ಚೇಂಬರ್ಲೇನ್ 1867ರಲ್ಲಿ ಪಾಟರ್ ಬೀದಿಯಿಂದ ಇಡಿಯಾಗಿ ಸರಿಸಿ ಈ ಮೂಲೆಗೆ ತಂದರು. 1871ರಲ್ಲಿ ಅದನ್ನು ಮೇಲೆತ್ತಿಸಿ, ಅಡಿಯಲ್ಲಿ ನೆಲ ಅಂತಸ್ತು ಕಟ್ಟಿಸಿದರು. ಅದಕ್ಕೂ ಮೊದಲು, 1830ರ ದಶಕದಲ್ಲಿ, ಕವಿ ಲಾಂಗ್‌ಫೆಲೊ ದಂಪತಿ ಈ ಮನೆಯಲ್ಲಿ ಬಾಡಿಗೆಗಿದ್ದರು.

ಚೇಂಬರ್ಲೇನ್ ಇಲ್ಲಿನ ಬೌಡೊಯಿನ್ ಕಾಲೇಜಿನ ಅಧ್ಯಾಪಕರು. 1862ರಲ್ಲಿ ಯುರೋಪಿನಲ್ಲಿ ಓದಲು ಕಾಲೇಜು ರಜೆ ಕೊಟ್ಟಿತು. ಅವರು ಹೋದದ್ದು ಅಂತರ್ಯುದ್ಧಕ್ಕೆ. 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನ ಲಿಟಲ್ ರೌಂಡ್ ಟಾಪ್ ಗುಡ್ಡದಲ್ಲಿ ಮದ್ದುಗುಂಡು ಮುಗಿಯುತ್ತಿದ್ದಾಗ ಅವರ 20ನೇ ಮೇನ್ ರೆಜಿಮೆಂಟ್ ಬಯೋನೆಟ್ ಹಿಡಿದು ಇಳಿಜಾರಿನಲ್ಲಿ ನುಗ್ಗಿ ಉತ್ತರದ ಸೇನೆಯ ಎಡಪಾರ್ಶ್ವವನ್ನು ಉಳಿಸಿತು. ಆದರೆ ಅವರ ದೊಡ್ಡತನ ಹೆಚ್ಚು ಕಾಣುವುದು 1865ರ ಏಪ್ರಿಲ್ 12ರಂದು: ಅಪೊಮ್ಯಾಟಾಕ್ಸ್‌ನಲ್ಲಿ ಶಸ್ತ್ರ ಒಪ್ಪಿಸಲು ಬಂದ ಸೋತ ಸೈನಿಕರಿಗೆ ತಮ್ಮ ಪಡೆಯಿಂದ ಗೌರವ ಸಲ್ಲಿಸಿದರು.

ಮುಂದೆ ಮೇನ್‌ನ ರಾಜ್ಯಪಾಲರಾದರು. 1871ರಿಂದ 1883ರವರೆಗೆ ಅದೇ ಕಾಲೇಜಿನ ಅಧ್ಯಕ್ಷರಾಗಿದ್ದರು. ಗಣಿತ ಬಿಟ್ಟರೆ ಅಲ್ಲಿನ ಬಹುತೇಕ ಎಲ್ಲ ವಿಷಯಗಳನ್ನೂ ಅವರು ಕಲಿಸಿದ್ದುಂಟು. 1864ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಸೊಂಟಕ್ಕೆ ತಗುಲಿದ ಗುಂಡಿನ ಗಾಯ ಮಾತ್ರ ಎಂದೂ ಪೂರ್ತಿ ಮಾಯಲಿಲ್ಲ. ಅದರ ಬಾಧೆಯಲ್ಲೇ ಅವರು 1914ರಲ್ಲಿ, 85ರ ವಯಸ್ಸಿನಲ್ಲಿ ತೀರಿಕೊಂಡರು.

ಒಳಗೆ ಹೋಗುವ ಮುನ್ನ ಚಿಮಣಿಯನ್ನು ನೋಡಿ. ಅಲ್ಲಿರುವ ಕೆಂಪು ಮಾಲ್ಟೀಸ್ ಶಿಲುಬೆ ಚೇಂಬರ್ಲೇನ್ ಹೋರಾಡಿದ ಐದನೇ ಕೋರ್‌ನ ಮೊದಲ ಡಿವಿಷನ್ನಿನ ಲಾಂಛನ. ಸೈನಿಕರು ಅದನ್ನು ಟೋಪಿಗೆ ಹೊಲಿದುಕೊಳ್ಳುತ್ತಿದ್ದರು.