ಮನುಷ್ಯನ ವರ್ಣತಂತುಗಳ ಗಣನೆ

ಮನುಷ್ಯದೇಹದ ಜೀವಕೋಶವು ಎರಡಾಗಿ ಒಡೆಯುವ ಸಮಯದಲ್ಲಿ ಅದರೊಳಗೆ ಕೆಲವು ಸೂಕ್ಷ್ಮವಾದ ಎಳೆಗಳು ಗೋಚರಿಸುತ್ತವೆ. ಬಣ್ಣವನ್ನು ಚೆನ್ನಾಗಿ ಹೀರುವುದರಿಂದ ಇವಕ್ಕೆ ವರ್ಣತಂತುಗಳೆಂದು ಹೆಸರು. ತಂದೆತಾಯಿಗಳ ಲಕ್ಷಣಗಳು ಮಕ್ಕಳಿಗೆ ಇವುಗಳ ಮೂಲಕವೇ ಸಾಗಿಬರುತ್ತವೆ. ಮನುಷ್ಯನಲ್ಲಿ ಇವು ಎಷ್ಟು ಎಂಬುದು ಮೇಲುನೋಟಕ್ಕೆ ಬಾಲಪಾಠದ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರವು ಪ್ರಕಟವಾಗಲು ೧೯೫೬ನೆಯ ಇಸವಿ ಬರಬೇಕಾಯಿತು.

೧೯೧೨ರಲ್ಲಿ ಬೆಲ್ಜಿಯಂ ದೇಶದ ಫಾನ್ ವಿನಿವಾರ್ಟರನು ಪುರುಷರಲ್ಲಿ ೪೭, ಸ್ತ್ರೀಯರಲ್ಲಿ ೪೮ ಎಂದು ಎಣಿಸಿದನು. ಅನಂತರ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಪೇಂಟರನು ಈ ಕಾರ್ಯವನ್ನು ಕೈಕೊಂಡನು. ಅತ್ಯಂತ ಸ್ಫುಟವಾದ ಕೋಶಗಳಲ್ಲಿ ೪೬ ಮಾತ್ರವೇ ಕಂಡವೆಂದು ೧೯೨೧ರಲ್ಲಿ ಅವನೇ ಬರೆದಿದ್ದನು. ೧೯೨೩ರ ಪ್ರಬಂಧದಲ್ಲಾದರೋ ೪೮ ಎಂದು ನಿರ್ಣಯಿಸಿದನು. ಕೈಗೆ ಬಂದ ಸತ್ಯವನ್ನು ಜಾರಗೊಟ್ಟನೆನ್ನಬೇಕು. ಆದರೂ ಅವನನ್ನು ತೀರ ದೂಷಿಸುವುದು ಯುಕ್ತವಲ್ಲ. ಅಂಗಾಂಶವನ್ನು ತೆಳುವಾಗಿ ಕೊಯ್ದು ನೋಡುತ್ತಿದ್ದ ಆ ಕಾಲದಲ್ಲಿ ತಂತುಗಳು ಒಂದರ ಮೇಲೊಂದು ಬಿದ್ದು, ಸಿಕ್ಕುಬಿದ್ದ ನೂಲಿನಂತೆ ಕಾಣುತ್ತಿದ್ದವು.

ಆಶ್ಚರ್ಯವಿರುವುದು ಮುಂದಿನ ಕಥೆಯಲ್ಲಿ. ೪೮ ಎಂಬ ಸಂಖ್ಯೆಯು ಮೂವತ್ತು ವರ್ಷಕ್ಕೂ ಮೇಲೆ ಪಠ್ಯಪುಸ್ತಕಗಳಲ್ಲಿ ಆಪ್ತವಾಕ್ಯದಂತೆ ನೆಲೆಸಿತು. ೧೯೫೨ರಲ್ಲಿ ಟೆಕ್ಸಾಸಿನಲ್ಲಿಯೇ ಚೀಣೀಯನಾದ ಷೂ ಎಂಬ ವಿದ್ವಾಂಸನಿಗೆ ಒಂದು ಉಪಾಯ ದೊರೆಯಿತು. ಕೈತಪ್ಪಿನಿಂದ ಉಪ್ಪಿನಂಶ ಕಡಮೆಯಾಗಿದ್ದ ದ್ರಾವಣದಲ್ಲಿ ಕೋಶಗಳು ಉಬ್ಬಿ, ತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಇಷ್ಟಾಗಿಯೂ ಆತನು ೪೮ ಎಂದೇ ಬರೆದನು! ಸ್ವೀಡನ್ನಿನ ಲುಂಡ್ ನಗರದಲ್ಲಿ ಕೆಲವರು ಭ್ರೂಣದ ಯಕೃತ್ತಿನ ಕೋಶಗಳಲ್ಲಿ ಮತ್ತೆ ಮತ್ತೆ ೪೬ನ್ನೇ ಎಣಿಸಿ, ಉಳಿದೆರಡು ಸಿಕ್ಕಲಿಲ್ಲವೆಂದು ಕೆಲಸವನ್ನೇ ನಿಲ್ಲಿಸಿಬಿಟ್ಟರು. ಹೊಳೆ ದಾಟಿದ ಹತ್ತು ಮಂದಿ ಒಂಬತ್ತೆಂದು ಎಣಿಸಿ ಅತ್ತ ಕಥೆಯು ವಾಚಕರಿಗೆ ಪರಿಚಿತವೇ. ಅಲ್ಲಿ ಇದ್ದವನು ಲೆಕ್ಕಕ್ಕೆ ಬರಲಿಲ್ಲ. ಇಲ್ಲಿ ಇಲ್ಲದವುಗಳಿಗಾಗಿ ಹುಡುಕಾಟ ನಡೆಯಿತು.

ಅದೇ ಲುಂಡ್ ನಗರದಲ್ಲಿ, ಲೆವಾನನ ಪ್ರಯೋಗಶಾಲೆಯಲ್ಲಿ, ೧೯೫೫ರ ಡಿಸೆಂಬರಿನಲ್ಲಿ ತ್ಜಿಯೋ ಎಂಬಾತನು ಕೆಲಸಮಾಡುತ್ತಿದ್ದನು. ಈತನು ಜಾವಾ ದ್ವೀಪದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯನ್ನು ಅನುಭವಿಸಿದವನು. ಭ್ರೂಣದ ಶ್ವಾಸಕೋಶದ ಕೋಶಗಳನ್ನು ಬೆಳೆಸಿ, ಕಾಲ್ಚಿಸೀನ್ ಎಂಬ ಸಸ್ಯವಿಷದಿಂದ ಅವುಗಳ ವಿಭಜನೆಯನ್ನು ತಡೆದು, ಷೂವಿನ ಉಪಾಯದಂತೆ ಉಬ್ಬಿಸಿ, ಗಾಜಿನ ನಡುವೆ ಒತ್ತಿ ನೋಡಿದನು. ೪೬ ಕಂಡವು. ಕಂಡುದನ್ನೇ ಅವನು ನಂಬಿದನು. ಮರುವರ್ಷದ ಜನವರಿಯಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ, ಮನುಷ್ಯಜಾತಿಗೆಲ್ಲ ಇದೇ ಸಂಖ್ಯೆಯೆಂದು ಸಾರಲು ಸಂಕೋಚಪಟ್ಟಿರುವುದು ಅವರ ವಿನಯಕ್ಕೆ ಸಾಕ್ಷಿ. ಅದೇ ವರ್ಷ ಇಂಗ್ಲೆಂಡಿನ ಫೋರ್ಡ್ ಮತ್ತು ಹ್ಯಾಮರ್‌ಟನ್ ಎಂಬವರು ೪೬ನ್ನೇ ದೃಢಪಡಿಸಿದರು.

ಎರಡು ತಂತುಗಳ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ೧೯೫೯ರಲ್ಲಿ ಪ್ಯಾರಿಸ್ಸಿನ ಲೆಜೂನ್, ಗೋತಿಯೆ, ಟ್ಯುರ್ಪಾನ್ ಎಂಬ ಮೂವರು, ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂಠಿತವಾದ, ಡೌನ್ ಲಕ್ಷಣದ ಮಕ್ಕಳ ಕೋಶಗಳಲ್ಲಿ ೪೭ ತಂತುಗಳನ್ನು ಕಂಡರು. ಹಳೆಯ ಲೆಕ್ಕವೇ ಉಳಿದಿದ್ದರೆ ಆ ಮಕ್ಕಳಲ್ಲಿ ಒಂದು ತಂತು ಕೊರತೆಯೆಂದು ಹೇಳಬೇಕಾಗುತ್ತಿತ್ತು. ವಾಸ್ತವದಲ್ಲಿ ಅವರಲ್ಲಿ ಇದ್ದುದು ಒಂದು ಹೆಚ್ಚು.